ಹನ್ನೊಂದು ಸೀಸೆ ಕಿವಿಯೆಣ್ಣೆ

ಹೊನ್ನೂರು
18-1-1964

ಗೌರಿಗೆ ಅಪ್ಪಾಜಿಯ ಆಶೀರ್ವಾದ.

ಸಂಕ್ರಾಂತಿಗೆಂದು ಬಂದವಳು ಎರಡು ದಿನವೂ ತಲೆಗೆ ಬಟ್ಟೆ ಬಿಗಿದುಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ಹಬ್ಬದಡಿಗೆಯ ಒಗ್ಗರಣೆ ಸದ್ದಿಗೂ ಕಿವಿ ಮುಚ್ಚಿಕೊಂಡು ಅತ್ತೆಯಂತೆ. ಹನೂರು ಸೀಮೆಯ ಹೆಂಗಸರಿಗೆಲ್ಲ ಹೆರಿಗೆ ಮಾಡಿಸುವ ಸರ್ಕಾರದ ನರ್ಸಮ್ಮ ಮಗುವಿನ ಹಾಗೆ ಅತ್ತದ್ದನ್ನು ನೋಡಿ ನಿಮ್ಮವ್ವ ಇನ್ನೂ ಸರಿಯಾಗಿ ಊಟ ಮಾಡುತ್ತಿಲ್ಲ. ನೀನು ಬಸ್ಸು ಹತ್ತಿದ ಮೇಲೆ ನನ್ನನ್ನು ಹಿಡಿದುಕೊಂಡಳು. "ಊರ್ಗೆಲ್ಲಾ ಔಸ್ದಿ ಕೊಡ್ತೀರಿ, ಎತ್ತ ಮಗ್ಳ್ ತಲೆನೋವ್ ಕಾಣಾಕಿಲ್ವಾ ನಿಮ್ಗೆ?" ಎಂದಳು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆಯೇ ಇದೆಯಲ್ಲ, ಮಗಳಿಗೆ ನನ್ನ ವೈದ್ಯ ಬೇಕೋ ಬೇಡವೋ ಎಂದು ಸುಮ್ಮನಿದ್ದೆ. ಈಗ ಸುಮ್ಮನಿರುವುದಿಲ್ಲ.

ಬಸ್ಸಿನ ಕಂಡಕ್ಟರ್ ಮಾರಯ್ಯನ ಕೈಯಲ್ಲಿ ಒಂದು ನೀಲಿ ಸೀಸೆ ಕಳಿಸಿದ್ದೇನೆ. ತುಂಬೆ ಸೊಪ್ಪಿನ ರಸ, ಬೆಳ್ಳುಳ್ಳಿ, ಬೆಟ್ಟದಿಂದ ಕ್ಯಾತಯ್ಯ ತಂದುಕೊಟ್ಟ ಬೇರು, ಇವನ್ನೆಲ್ಲ ಎಳ್ಳೆಣ್ಣೆಯಲ್ಲಿ ಕಾಯಿಸಿ ಮೂರು ದಿನ ಇಟ್ಟು ಸೋಸಿದ್ದು. ಅರೆತಲೆನೋವಿಗೆ ನಮ್ಮ ಮನೆತನದ ಮದ್ದು. ನಿನಗೆ ನೋವು ಬರುವುದು ಎಡಭಾಗಕ್ಕೆ, ಆದ್ದರಿಂದ ಎಡಗಿವಿಗೆ. ಹೊತ್ತು ಹುಟ್ಟುವ ಮುಂಚೆ ಮೂರು ತೊಟ್ಟು ಬಿಟ್ಟುಕೊಂಡು, ನೂರು ಎಣಿಸುವ ತನಕ ಬಲಮಗ್ಗುಲಾಗಿ ಮಲಗು. ಆ ಹೊತ್ತಿನಲ್ಲಿ ಯಾರೊಂದಿಗೂ ಮಾತಾಡಬೇಡ.

ನಮ್ಮ ಮನೆಯ ಕಟ್ಟಳೆ ನಿನಗೆ ಗೊತ್ತೇ ಇದೆ. ಔಷಧಿಗೆ ಕಾಸು ಮುಟ್ಟಬಾರದು. ಖಾಲಿ ಸೀಸೆ ವಾಪಸು ಬರದೆ ಇನ್ನೊಂದು ಸೀಸೆ ಮನೆಯಿಂದ ಹೊರಡಬಾರದು. ಮಗಳು ಅಂತ ಕಟ್ಟಳೆ ಸಡಿಲಿಸುವುದಿಲ್ಲ.

ಶಿವರುದ್ರಸ್ವಾಮಿ

ಹನೂರು
21-2-1964

ಪೂಜ್ಯ ಅಪ್ಪಾಜಿಯವರಿಗೆ ಪುಟ್ಟಗೌರಿಯ ಶರಣುಗಳು.

ಸೀಸೆ ತಲುಪಿತು. ನೀವು ಹೇಳಿದ ಹಾಗೆಯೇ ಮಾಡಿದೆ. ಕಳೆದ ವಾರ ನೋವು ಬಂದಾಗ ಮೊದಲ ದಿನವೇ ಚಿಟಿಕೆ ಹೊಡೆದ ಹಾಗೆ ಇಳಿಯಿತು. ಅವ್ವನಿಗೆ ಓದಿ ಹೇಳಿ, ಅವರು ಊಟ ಬಿಡಬಾರದು.

ಈ ನೋವು ಹೇಗೆ ಬರುತ್ತದೆ ಎಂದು ನೀವು ಒಮ್ಮೆ ಕೇಳಿದ್ದಿರಿ, ಆಗ ಹೇಳಲು ಆಗಿರಲಿಲ್ಲ. ಮೊದಲು ಕಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಏಳುತ್ತದೆ. ಆಮೇಲೆ ಎಡಹುಬ್ಬಿನ ಮೇಲೆ ಯಾರೋ ಕುಟ್ಟಲು ಶುರು ಮಾಡುತ್ತಾರೆ. ಆಗ ಸದ್ದು ಸದ್ದಾಗಿ ಉಳಿಯುವುದಿಲ್ಲ, ಏಟಾಗುತ್ತದೆ. ಎದುರಿನ ರಾಗಿ ಮಿಲ್ಲಿನ ಬೆಲ್ಟು, ಪಾತ್ರೆ ಬಿದ್ದದ್ದು, ಮಕ್ಕಳು ಮಗ್ಗಿ ಹೇಳುವುದು ಎಲ್ಲವೂ ಏಟೇ. ಹೆರಿಗೆ ನೋವಿನಲ್ಲಿ ಕೂಗುವ ಹೆಂಗಸಿನ ಮುಂದೆ ಕುಳಿತು "ಕೂಗಬೇಡ ತಾಯಿ" ಎನ್ನಬೇಕೆನ್ನಿಸಿ ನಾಲಿಗೆ ಕಚ್ಚಿಕೊಂಡಿದ್ದೇನೆ.

ಈಗ ವಾಸಿ. ಖಾಲಿ ಸೀಸೆ ತೊಳೆದು ಮಾರಯ್ಯನ ಕೈಯಲ್ಲಿ ಕೊಟ್ಟಿದ್ದೇನೆ.

ನಿಮ್ಮ ಮಗಳು
ಗೌರಿ

ಹೊನ್ನೂರು
15-3-1964

ಗೌರಿಗೆ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮವ್ವನಿಗೆ ಎರಡು ಸಲ ಓದಿದೆ. ಮೂರನೆಯ ಸಲ ಜಗಲಿಯಲ್ಲಿ ಕುಳಿತವರಿಗೆ ಓದಿದೆ, ಸುಳ್ಳೇಕೆ ಹೇಳಲಿ. ಗಂಡ ತೀರಿಕೊಂಡ ಮಗಳನ್ನು ಮೈಸೂರಿಗೆ ನರ್ಸು ಓದಲು ಕಳಿಸಿದಾಗ ಇದೇ ಜಗಲಿಯಲ್ಲಿ ಕುಳಿತು, "ಸ್ವಾಮೇರ ಮನೆ ಎಣ್ಣು ಸೂಲ್ಗಿತ್ತಿ ಆಯ್ತಾಳಂತೆ" ಎಂದು ನಕ್ಕವರು ಇವರು. ಇಂಗ್ಲಿಷ್ ವೈದ್ಯ ಕಲಿತವಳ ತಲೆನೋವು ನಾಟಿ ಎಣ್ಣೆಗೆ ಇಳಿಯಿತು ಎಂದರೆ ಅವರಿಗೂ ಸ್ವಲ್ಪ ಗೊತ್ತಾಗಲಿ.

ಮಧುವನಹಳ್ಳಿಯಿಂದ ಮಾದೇವಮ್ಮ ಎಂಬಾಕೆ ಬಂದಿದ್ದಳು, ಅವಳಿಗೂ ಅರೆತಲೆನೋವು. ಕಿವಿಗೆ ಬಿಡುವುದೆಂದರೆ ಹೆದರಿದಳು. "ನನ್ನ ಮಗಳೇ ಸಾಕ್ಷಿ" ಎಂದೆ. ಸೀಸೆ ತೆಗೆದುಕೊಂಡು ಹೋದಳು. ಇಲ್ಲಿಯವರೆಗೆ ಏಳು ಜನಕ್ಕೆ ಕೊಟ್ಟೆ. ನಿನ್ನ ಎರಡನೆಯ ಸೀಸೆ ಇದರ ಜೊತೆ ಬರುತ್ತಿದೆ. ಬಾಯಿಗೆ ಬಟ್ಟೆ ಸುತ್ತಿ ನಾನೇ ದಾರ ಬಿಗಿದಿದ್ದೇನೆ, ದಾರಿಯಲ್ಲಿ ಚೆಲ್ಲುವುದಿಲ್ಲ.

ಶಿವರುದ್ರಸ್ವಾಮಿ

ಹನೂರು
30-8-1964

ಪೂಜ್ಯ ಅಪ್ಪಾಜಿಯವರಿಗೆ ಶರಣು.

ಆರನೆಯ ಸೀಸೆ ಬಂತು. ಕೆಲಸ ಹೆಚ್ಚಾಗಿ ಬರೆಯಲಾಗಲಿಲ್ಲ. ಮಳೆಗಾಲದಲ್ಲಿ ಈ ಕಾಡಂಚಿನ ಹಳ್ಳಿಗಳಿಗೆ ನಡೆದೇ ಹೋಗಬೇಕು.

ಒಂದು ಮಾತು ಕೇಳಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಹೆಸರು ಹೇಳಿ ಬೇರೆಯವರಿಗೆ ಕಿವಿಗೆ ಎಣ್ಣೆ ಕೊಡಬೇಡಿ. ಒಬ್ಬೊಬ್ಬರ ಕಿವಿ ಒಂದೊಂದು ಥರ. ತಮಟೆ ತೂತಾದ ಕಿವಿಗೆ ಬಿಟ್ಟರೆ ಕೆಡುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಅರೆತಲೆನೋವಿಗೆ ನೀವು ಹಚ್ಚಿಸುವ ಗಂಧದ ಪಟ್ಟು ಸಾಲದೇ?

ನಾನು ಚೆನ್ನಾಗಿದ್ದೇನೆ.

ಗೌರಿ

ಹೊನ್ನೂರು
2-12-1964

ಗೌರಿಗೆ.

ನಿನ್ನ ಬುದ್ಧಿವಾದಕ್ಕೆ ಉತ್ತರ ಬರೆಯಬಾರದೆಂದು ಮೂರು ತಿಂಗಳು ಕೈ ಬಿಗಿಹಿಡಿದೆ. ಸೀಸೆ ಮಾತ್ರ ಕಳಿಸುತ್ತಿದ್ದೆ. ನಮ್ಮಪ್ಪ, ಅವರಪ್ಪ ಎಲ್ಲ ಕೊಟ್ಟ ಎಣ್ಣೆ ಇದು. ಕಿವಿಯಲ್ಲಿ ಕೀವಿದ್ದವರಿಗೆ, ಸೋರುವವರಿಗೆ ಬಿಡಬಾರದೆಂದು ನಮಗೂ ಗೊತ್ತು. ಮೈಸೂರಿನಲ್ಲಿ ಹೇಳಿಕೊಡುವ ತನಕ ನಾವು ಕುರುಡು ವೈದ್ಯ ಮಾಡುತ್ತಿದ್ದೆವು ಅಂದುಕೊಂಡೆಯಾ? ನಿನಗೆ ಗುಣವಾದದ್ದು ಇನ್ನೊಬ್ಬರಿಗೆ ಆಗಬಾರದು ಎಂದರೆ ಏನರ್ಥ? ದೊಡ್ಡ ಓದು ಓದಿದವಳಿಗೆ ನಾಟಿ ಎಣ್ಣೆಗೆ ಸಾಕ್ಷಿ ಹೇಳಲು ನಾಚಿಕೆಯಿರಬೇಕು.

ನಿಮ್ಮಣ್ಣ ವೃಷಭೇಂದ್ರಪ್ಪ ಶಿವರಾತ್ರಿಗೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುತ್ತಾನಂತೆ. ಹನ್ನೊಂದನೆಯ ಸೀಸೆ ಅವನ ಕೈಯಲ್ಲೇ ಬರುತ್ತದೆ.

ಶಿವರುದ್ರಸ್ವಾಮಿ

ಹೊನ್ನೂರು
8-3-1965

ಮಗಳೇ ಗೌರಿ,

ನಿಮ್ಮಣ್ಣ ನಿನ್ನೆ ಬಂದ. ಬಂದವನು ವಿಭೂತಿ ಪ್ರಸಾದ ಕೊಡುವ ಮುಂಚೆಯೇ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಅಪ್ಪಾಜಿ, ಗೌರವ್ವ ಬಾವಿತವು ನೀರ್ ಸೇದ್ತಾ ಇದ್ಲು. ಎಡಗಡೆ ನಿಂತ್ಕಂಡು ಮೂರ್ ದಪ ಕೂಗ್ದೆ, ತಿರುಗಿ ನೋಡ್ನಿಲ್ಲ. ಭುಜ ಮುಟ್ದೇಟ್ಗೇ ಬೆಚ್ಚಿ ಬಿಂದ್ಗೆ ಬಿಟ್ಬುಟ್ಲು." ಊಟಕ್ಕೆ ಬಡಿಸುವಾಗಲೂ ಬಲಕ್ಕೇ ತಿರುಗಿ ತಿರುಗಿ ಮಾತಾಡಿದೆಯಂತೆ. ಗೋಡೆ ಹಿಡಿದು ನಡೆದೆಯಂತೆ.

ನಿಮ್ಮವ್ವನಿಗೆ ಇನ್ನೂ ಹೇಳಿಲ್ಲ. ನನಗೆ ಹೇಳು. ನಿನ್ನ ಎಡಗಿವಿಗೆ ಏನಾಗಿದೆ?

ಅಪ್ಪಾಜಿ

ಹನೂರು
14-3-1965

ಅಪ್ಪಾಜಿಯವರಿಗೆ ಶರಣು.

ಮುಚ್ಚಿಟ್ಟದ್ದು ತಪ್ಪು. ನನ್ನ ಎಡಗಿವಿ ಕೇಳುವುದಿಲ್ಲ.

ಹೋದ ವರ್ಷದ ಮುಂಗಾರಿನಿಂದ ಹೀಗಾಗುತ್ತಿತ್ತು. ನೋವು ಬಂದ ದಿನ ಎಡಗಿವಿ ನೀರು ತುಂಬಿದ ಹಾಗೆ ಕಟ್ಟಿಕೊಳ್ಳುತ್ತಿತ್ತು. ಒಳಗೆ ಜೀರುಂಡೆ ಕೂಗುತ್ತಿತ್ತು, ನೆಲ ವಾಲುತ್ತಿತ್ತು. ನೋವು ಇಳಿದ ಮೇಲೆ ಕಿವಿಯೂ ತೆರೆದುಕೊಳ್ಳುತ್ತಿತ್ತು. ದೀಪಾವಳಿಯ ಹಿಂದೆಮುಂದೆ ಬಂದ ನೋವು ಇಳಿಯಿತು, ಕಿವಿ ಮಾತ್ರ ತೆರೆಯಲಿಲ್ಲ.

ಯಾರಿಗೂ ಹೇಳಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ. ಬಸುರಿಯ ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು ಮಗುವಿನ ಎದೆಬಡಿತ ಕೇಳುವುದು ನಮ್ಮ ಕೆಲಸ. ಎಡಗಿವಿಯಿಂದ ಕೇಳುವುದು ನನಗೆ ಮೊದಲಿನಿಂದಲೂ ಅಭ್ಯಾಸ, ಆ ಕಿವಿ ಹೋದ ಮೇಲೆ ಬಲಕ್ಕೆ ಬದಲಿಸಿಕೊಂಡಿದ್ದೆ. ಜನವರಿಯಲ್ಲಿ ಕಾಡಂಚಿನ ಹತ್ತು ಗುಡಿಸಲಿನ ಒಂದು ಪೋಡಿನಿಂದ ಕರೆ ಬಂತು. ಸಿದ್ದಿ ಎಂಬ ಸೋಲಿಗರ ಹುಡುಗಿ, ಚೊಚ್ಚಲು. ಆ ದಿನ ನನಗೆ ನೋವಿತ್ತು. ಕೈ ತನ್ನಷ್ಟಕ್ಕೆ ಕೊಳವೆಯನ್ನು ಎಡಗಿವಿಗೇ ಇಟ್ಟುಕೊಂಡಿತು. ಏನೂ ಕೇಳಿಸಲಿಲ್ಲ. ನಾನು ಅದನ್ನು ನನ್ನ ಕಿವಿಯ ಮೌನ ಅಂದುಕೊಳ್ಳಲಿಲ್ಲ, ಅಪ್ಪಾಜಿ. ಮಗುವಿನ ಮೌನ ಅಂದುಕೊಂಡೆ. "ಜೀವ ಇಲ್ಲ" ಎಂದು ಬಾಯಿಬಿಟ್ಟು ಹೇಳಿಬಿಟ್ಟೆ. ಆ ಹುಡುಗಿ ತಿಣುಕುವುದನ್ನೇ ನಿಲ್ಲಿಸಿ ಗೋಡೆಯ ಕಡೆ ತಿರುಗಿ ಮಲಗಿದಳು.

ಅಲ್ಲಿನ ಸೂಲಗಿತ್ತಿ ಕೇತಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. ಹೊಟ್ಟೆಯ ಮೇಲೆ ಅಂಗೈ ಇಟ್ಟು, "ತಡಿ ನರ್ಸವ್ವ, ಕೂಸು ಒದೀತಾ ಅದೆ. ಸತ್ ಕೂಸು ಒದ್ದದಾ?" ಎಂದಳು. ಒಂದು ಗಂಟೆಯಲ್ಲಿ ಗಂಡುಮಗು ಹುಟ್ಟಿತು. ಅದು ಅತ್ತದ್ದನ್ನು ಬಲಗಿವಿಯಿಂದ ಕೇಳಿದೆ.

ಮರುದಿನವೇ ನಮ್ಮ ಡಾಕ್ಟರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಕೊಳ್ಳೇಗಾಲಕ್ಕೆ ತಿಂಗಳಿಗೊಮ್ಮೆ ಬರುವ ಕಿವಿ ಡಾಕ್ಟರಿಗೆ ಚೀಟಿ ಕೊಟ್ಟರು. ಆತ ಕಬ್ಬಿಣದ ಕವಲುಕಡ್ಡಿ ಬಡಿದು ತಲೆಯ ಮೇಲೆ, ಕಿವಿಯ ಹಿಂದೆ ಇಟ್ಟು ನೋಡಿದರು. ತಮಟೆ ಚೆನ್ನಾಗಿದೆ, ಒಳಗಿನ ನರ ಸೋತಿದೆ ಎಂದರು. ಅರೆತಲೆನೋವಿನವರಲ್ಲಿ ಕೆಲವರಿಗೆ ಹೀಗೆ ಕಿವಿಯೂ ಜೊತೆಗೆ ಹೋಗುವುದನ್ನು ಕಂಡಿದ್ದಾರಂತೆ, ಎರಡಕ್ಕೂ ಒಂದೇ ಬೇರು ಇರಬಹುದು, ಖಂಡಿತವಾಗಿ ಹೇಳಲಾರೆ ಎಂದರು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ನಮ್ಮ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ ಎಂಬುದಷ್ಟೇ ನನಗೆ ಗೊತ್ತು. ಅವರಿಗೂ ತಲೆನೋವು ಇತ್ತೇ? ಬರೆಯಿರಿ.

ಕೆಲಸ ಹೋಗಿಲ್ಲ. ಬಲಗಿವಿಯಿಂದ ಎರಡು ಸಲ ಕೇಳಬೇಕು, ಕೈಯಿಂದಲೂ ನೋಡಬೇಕು ಎಂದಿದ್ದಾರೆ. ಎಣ್ಣೆಯ ವಿಚಾರ ಯೋಚಿಸಬೇಡಿ.

ಗೌರಿ

ಹನೂರು
20-6-1965

ಅಪ್ಪಾಜಿಯವರಿಗೆ ಶರಣು.

ಯುಗಾದಿಗೂ ನಿಮ್ಮ ಕಾಗದ ಇಲ್ಲ. ಮಾರಯ್ಯನನ್ನು ಕೇಳಿದರೆ "ಸ್ವಾಮೇರು ಬಸ್‍ಸ್ಟ್ಯಾಂಡ್ಗೇ ಬತ್ತಾ ಇಲ್ಲ ಕನ್ರವ್ವ" ಎನ್ನುತ್ತಾನೆ. ಮೈಯಲ್ಲಿ ಚೆನ್ನಾಗಿಲ್ಲವೇ? ನಾನು ಮುಚ್ಚಿಟ್ಟದ್ದಕ್ಕೆ ಕೋಪವೇ? ನನಗೀಗ ನೋವು ಕಡಿಮೆ. ಮಾತ್ರೆ ಕೊಟ್ಟಿದ್ದಾರೆ.

ಎರಡು ಸಾಲು ಬರೆಯಿರಿ.

ಗೌರಿ

ಹನೂರು
5-9-1965

ಅಪ್ಪಾಜಿ,

ಇದು ಮೂರನೆಯ ಕಾಗದ. ನಡುವೆ ಒಂದನ್ನು ಬರೆದು ಹರಿದೆ. ಬಲಗಿವಿ ಚೆನ್ನಾಗಿದೆ, ಆದರೂ ನಿಮ್ಮ ದನಿ ಕೇಳದೆ ಆರು ತಿಂಗಳಾಯಿತು. ಗೌರಿ ಹಬ್ಬಕ್ಕೆ ಅಣ್ಣ ಕಡುಬು ತಂದಿದ್ದ. ಮನೆಯ ವಿಚಾರ ಕೇಳಿದರೆ "ಚೆನ್ನಾಗವ್ರೆ" ಎಂದು ನೆಲ ನೋಡಿದ. ಏನನ್ನು ಮುಚ್ಚಿಡುತ್ತಿದ್ದೀರಿ?

ಗೌರಿ

ಹೊನ್ನೂರು
3-10-1965

ಚಿರಂಜೀವಿ ಪುಟ್ಟಗೌರಮ್ಮನಿಗೆ ಶಿವರುದ್ರಸ್ವಾಮಿ ಮಾಡುವ ಆಶೀರ್ವಾದಗಳು.

ನಿನ್ನ ಕಾಗದಗಳೆಲ್ಲ ತಲುಪಿವೆ. ಉತ್ತರ ಬರೆಯುವ ಮುಖ ನನಗಿರಲಿಲ್ಲ. ಈಗಲೂ ನಿಮ್ಮವ್ವ ಎದುರಿಗೆ ಕುಳಿತಿರುವುದರಿಂದ ಬರೆಯುತ್ತಿದ್ದೇನೆ.

ಎಣ್ಣೆಯ ವಿಚಾರ ಯೋಚಿಸಬೇಡಿ ಎಂದೆಯಲ್ಲ, ಆ ಒಂದು ಸಾಲಿನಲ್ಲೇ ನೀನು ಎಲ್ಲ ಹೇಳಿದ್ದೀಯೆ. ಹೇಳಲಾರದೆ ಹೇಳಿದ್ದೀಯೆ. ಜನವರಿಯಿಂದ ಬಿಟ್ಟ ಎಣ್ಣೆ, ಮುಂಗಾರಿಗೆ ಕಿವಿ ಕಟ್ಟಿತು, ದೀಪಾವಳಿಗೆ ಹೋಯಿತು. ಇದನ್ನು ಲೆಕ್ಕ ಹಾಕಲು ಮೈಸೂರಿನ ಓದು ಬೇಡ. ಕೊಡಬೇಡಿ ಎಂದು ನೀನು ಆಗಸ್ಟಿನಲ್ಲೇ ಬರೆದೆ. ನಾನು ಅದನ್ನು ನಿನ್ನ ಜಂಬ ಅಂದುಕೊಂಡೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ನನ್ನಂಥವನಿಗೇ ಹುಟ್ಟಿದ್ದು.

ನಿನ್ನ ಮಾರ್ಚಿನ ಕಾಗದ ಬಂದ ಮಾರನೆಯ ದಿನದಿಂದ, ಎಣ್ಣೆ ಕೊಟ್ಟ ಹತ್ತೊಂಬತ್ತು ಮನೆಗೂ ನಡೆದು ಹೋದೆ. ಒಬ್ಬೊಬ್ಬರ ಹಿಂದೆ ನಿಂತು ಕಿವಿಯ ಪಕ್ಕ ಬೆರಳು ಉಜ್ಜಿ ನೋಡಿದೆ. ಮಧುವನಹಳ್ಳಿಯ ಮಾದೇವಮ್ಮ "ಯಾಕ್ ಬುದ್ಧಿ, ಸೊಳ್ಳೆ ಇಡೀತಿದ್ದೀರಾ?" ಎಂದು ನಕ್ಕಳು. ಎಲ್ಲರಿಗೂ ಕೇಳುತ್ತದೆ. ಅವರಿಗೆಲ್ಲ ಒಂದೊಂದು ಸೀಸೆ. ನಿನಗೆ ಹನ್ನೊಂದು.

ಮದ್ದು ಅರೆಯುವ ಕಲ್ಬತ್ತು, ಸೋಸುವ ಬಟ್ಟೆ, ಕಂಚಿನ ಬಾಂಡಲಿ ಎಲ್ಲವನ್ನೂ ಅಟ್ಟಕ್ಕೆ ಹಾಕಿದ್ದೇನೆ. ಬೆಟ್ಟದಿಂದ ಬೇರು ತಂದ ಕ್ಯಾತಯ್ಯನನ್ನು ಹಾಗೇ ವಾಪಸು ಕಳಿಸಿದೆ. ಜ್ವರಕ್ಕೂ ಕೊಡುವುದಿಲ್ಲ, ಚೇಳು ಕಚ್ಚಿದ್ದಕ್ಕೂ ಕೊಡುವುದಿಲ್ಲ. ಬಂದವರಿಗೆ ಯಳಂದೂರಿನ ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ. ಹೋಗಲಾರದವರು ಜಗಲಿಯಲ್ಲೇ ಕುಳಿತಿರುತ್ತಾರೆ, ನಾನು ಹಿಂದಿನ ಬಾಗಿಲಿಂದ ತೋಟಕ್ಕೆ ಹೋಗುತ್ತೇನೆ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯೆ.

ಶಿವರುದ್ರಸ್ವಾಮಿ

ಹನೂರು
9-10-1965

ಅಪ್ಪಾಜಿ,

ನಿಮ್ಮ ಕಾಗದ ಓದಿದೆ. ಇಷ್ಟು ದಿನ ಹೇಳದೆ ಉಳಿಸಿಕೊಂಡದ್ದನ್ನು ಇನ್ನು ಒಂದು ದಿನವೂ ಇಟ್ಟುಕೊಳ್ಳಲಾರೆ. ಕುಳಿತು ಓದಿ.

ನಿಮ್ಮ ಎಣ್ಣೆಯ ಒಂದು ತೊಟ್ಟೂ ನನ್ನ ಕಿವಿಗೆ ಬಿದ್ದಿಲ್ಲ.

ಮೊದಲ ಸೀಸೆ ಬಂದ ದಿನ ಬಿಚ್ಚಿ, ಕಿವಿಯ ಹತ್ತಿರದವರೆಗೂ ತಂದೆ. ಕಿವಿಗೆ ಯಾವುದನ್ನೂ ಬಿಡಬಾರದು ಎಂದು ಊರೂರು ತಿರುಗಿ ಬಾಣಂತಿಯರಿಗೆ ಹೇಳುವವಳು ನಾನು. ಕೈ ಬರಲಿಲ್ಲ. ಬಿಡಲಿಲ್ಲ ಎಂದು ನಿಮಗೆ ಬರೆಯಲೂ ಕೈ ಬರಲಿಲ್ಲ. ಊರೆಲ್ಲ ಬೇಡವೆಂದರೂ ನನ್ನನ್ನು ಓದಿಸಿದವರು ನೀವು. ಓದಿದ ಮಗಳೇ ನಿಮ್ಮ ಮದ್ದು ಬೇಡ ಎಂದರೆ ಹೇಗಿರುತ್ತದೆ ಎಂದು ಯೋಚಿಸಿದೆ. ಅವ್ವ ಊಟ ಮಾಡುತ್ತಿಲ್ಲ ಎಂದು ಬೇರೆ ಬರೆದಿದ್ದಿರಿ. ಚಿಟಿಕೆ ಹೊಡೆದ ಹಾಗೆ ಇಳಿಯಿತು ಎಂದು ಬರೆದುಬಿಟ್ಟೆ. ಆ ನೋವು ಮೂರು ದಿನ ಇತ್ತು.

ಒಂದು ಸುಳ್ಳು ಮುಚ್ಚಲು ಖಾಲಿ ಸೀಸೆ ಕಳಿಸಬೇಕಾಯಿತು. ಖಾಲಿ ಬಂದಿತೆಂದು ನೀವು ತುಂಬಿ ಕಳಿಸಿದಿರಿ. ನನ್ನ ಹೆಸರು ಹೇಳಿ ಬೇರೆಯವರಿಗೂ ಕೊಟ್ಟಿರೆಂದು ತಿಳಿದಾಗ ನಿದ್ದೆ ಬರಲಿಲ್ಲ. ಆಗಲೇ ನಿಜ ಹೇಳಬೇಕಿತ್ತು. ಗಂಧದ ಪಟ್ಟಿನ ಮಾತಾಡಿ ತಪ್ಪಿಸಿಕೊಂಡೆ. ಮಾರ್ಚಿನಲ್ಲಿ ಯೋಚಿಸಬೇಡಿ ಎಂದದ್ದೂ ಅಷ್ಟೇ. ಎಣ್ಣೆಯಿಂದ ಆದದ್ದಲ್ಲ ಎಂದು ಬರೆಯಲು ಹೋದರೆ ಬಿಟ್ಟುಕೊಂಡೇ ಇಲ್ಲ ಎಂದು ಬರೆಯಬೇಕಾಗುತ್ತಿತ್ತು. ಅದಕ್ಕೆ ಹೆದರಿದೆ.

ಪಾಪ ಮಾಡಿದವಳು ನಾನು. ಅಟ್ಟದಿಂದ ಕಲ್ಬತ್ತು ಇಳಿಸಿ, ಅಪ್ಪಾಜಿ. ಜಗಲಿಯಲ್ಲಿ ಕುಳಿತವರು ನನ್ನ ಸುಳ್ಳಿಗಾಗಿ ಕಾಯಬಾರದು.

ಗೌರಿ

ಹೊನ್ನೂರು
1-11-1965

ಗೌರಿ,

ನೀನು ಬರೆದದ್ದನ್ನು ನಿಮ್ಮವ್ವ ನಂಬಿದಳು. ನಾನು ನಂಬಲಿಲ್ಲ.

ನಿನ್ನ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಎಣ್ಣೆ ಬಿಟ್ಟೆ, ನೋವು ಇಳಿಯಿತು ಎಂದಿದೆ. ಇನ್ನೊಂದರಲ್ಲಿ ಬಿಡಲೇ ಇಲ್ಲ ಎಂದಿದೆ. ಅಕ್ಷರ ಎರಡೂ ನಿನ್ನವೇ. ಅಪ್ಪನ ಸಂತೋಷಕ್ಕೆ ಒಂದು ಸಲ ಸುಳ್ಳು ಬರೆದವಳು ಅಪ್ಪನ ಸಮಾಧಾನಕ್ಕೆ ಇನ್ನೊಂದು ಬರೆಯಲಾರಳೇ? ಹತ್ತು ಸೀಸೆ ಖಾಲಿಯಾಗಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿನ್ನ ಮನಸ್ಸು ಒಳ್ಳೆಯದು. ಅದಕ್ಕೇ ನಂಬಲಾರೆ.

ಅಪ್ಪಾಜಿ

ಹನೂರು
7-11-1965

ಅಪ್ಪಾಜಿ,

ಉಪ್ಪಿನಕಾಯಿ ಜಾಡಿಯೊಂದನ್ನು ಹುಲ್ಲಿನಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ಮಾರಯ್ಯನಿಗೆ ಒಪ್ಪಿಸಿದ್ದೇನೆ. ಅದರಲ್ಲಿ ಉಪ್ಪಿನಕಾಯಿ ಇಲ್ಲ.

ನೀವು ರಾತ್ರಿಯೆಲ್ಲ ಒಲೆ ಮುಂದೆ ಕುಳಿತು ಕಾಯಿಸಿದ ಎಣ್ಣೆಯನ್ನು ಮೋರಿಗೆ ಚೆಲ್ಲಲು ನನ್ನಿಂದ ಆಗಲಿಲ್ಲ. ಒಂದೊಂದು ಸೀಸೆ ಬಂದಾಗಲೂ ಆ ಜಾಡಿಗೆ ಸುರಿದು, ಸೀಸೆ ತೊಳೆದು ಕಳಿಸುತ್ತಿದ್ದೆ. ಹತ್ತು ಸೀಸೆಯದು ಅದರಲ್ಲಿದೆ, ಅರ್ಧ ಸೀಸೆ ಕಡಿಮೆ. ಆ ಅರ್ಧವನ್ನು ನೋವು ಇಳಿದ ಮೇಲೆ ಆಗಾಗ ಅಂಗಾಲಿಗೆ ಹಚ್ಚಿಕೊಂಡೆ. ನಿಮ್ಮ ಜಗಲಿಯ ವಾಸನೆ ಬರುತ್ತಿತ್ತು. ನಿದ್ದೆಯೂ ಬರುತ್ತಿತ್ತು.

ಹನ್ನೊಂದನೆಯ ಸೀಸೆ ಅಣ್ಣ ತಂದ ಹಾಗೆಯೇ ಇದೆ. ನೀವು ಬಿಗಿದ ದಾರವನ್ನು ನಾನು ಮುಟ್ಟಿಲ್ಲ. ಅದನ್ನೂ ಬುಟ್ಟಿಯಲ್ಲೇ ಇಟ್ಟಿದ್ದೇನೆ.

ಅಳೆದು ನೋಡಿ.

ಗೌರಿ

ಹೊನ್ನೂರು
28-11-1965

ಮಗಳೇ,

ಬುಟ್ಟಿ ಬಂದ ದಿನ ನಿಮ್ಮವ್ವ, ನಿಮ್ಮಣ್ಣ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೆ. ಮೊದಲು ಸೀಸೆ ತೆಗೆದೆ. ಗಂಟು ನನ್ನದೇ. ನಮ್ಮಪ್ಪ ಕಲಿಸಿದ ಎರಡು ಸುತ್ತಿನ ಗಂಟು, ಈ ಊರಿನಲ್ಲಿ ಇನ್ಯಾರೂ ಹಾಕುವುದಿಲ್ಲ. ಆಮೇಲೆ ಖಾಲಿ ನೀಲಿ ಸೀಸೆಗಳನ್ನು ಸಾಲಾಗಿ ಇಟ್ಟು ಜಾಡಿಯಿಂದ ತುಂಬುತ್ತಾ ಹೋದೆ. ನಿಮ್ಮವ್ವ ಗಟ್ಟಿಯಾಗಿ ಎಣಿಸಿದಳು. ಒಂಬತ್ತು ತುಂಬಿದವು. ಹತ್ತನೆಯದು ಅರ್ಧಕ್ಕೆ ಒಂದು ಬೆರಳು ಕಡಿಮೆ ನಿಂತಿತು. ಆ ಒಂದು ಬೆರಳು ಜಾಡಿಯ ಮೈಗೆ ಅಂಟಿದ್ದು.

ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತೆ. ನಿಮ್ಮವ್ವ, "ಅಳೋದ್ಯಾಕೆ? ನಿಮ್ಮಿಂದ ಆಗಿಲ್ಲ ಅಂತ ಗೊತ್ತಾಯ್ತಲ್ಲ" ಎಂದಳು. ಅದಕ್ಕೂ ಅತ್ತೆ, ಇನ್ನೊಂದಕ್ಕೂ ಅತ್ತೆ. ಕಿವಿ ಕೆಡಿಸಿದವನು ನಾನಲ್ಲ ಎಂಬುದು ಒಂದು. ನನ್ನ ಮಗಳು ನನ್ನ ಮದ್ದನ್ನು ಒಂದು ದಿನವೂ ನಂಬಲಿಲ್ಲ ಎಂಬುದು ಇನ್ನೊಂದು. ಹಿತ್ತಲ ಗಿಡ ಮದ್ದಲ್ಲ ಎಂದು ನಾನೇ ತಮಾಷೆಗೆ ಬರೆದಿದ್ದೆ. ತಮಾಷೆ ತಲೆಗೆ ಬಂತು. ನೋವಾಯಿತು ಎಂದು ನಿನಗೆ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಮುಚ್ಚಿಟ್ಟು ಇಬ್ಬರಿಗೂ ಆದದ್ದು ಸಾಕು.

ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ. ಅಜ್ಜಿಗೆ ತಲೆನೋವು ಇತ್ತೇ ಎಂದು ನೀನು ಮಾರ್ಚಿನಲ್ಲಿ ಕೇಳಿದ್ದೆ. ಇತ್ತು, ಗೌರಿ. ಎಡಭಾಗಕ್ಕೇ. ನಾನು ಚಿಕ್ಕವನಿದ್ದಾಗ ನಮ್ಮವ್ವ ತಿಂಗಳಿಗೆ ಎರಡು ದಿನ ಭತ್ತದ ಕಣಜದ ಹಿಂದೆ ಕತ್ತಲಲ್ಲಿ ಮಲಗುತ್ತಿದ್ದಳು. ನಾವು ಮಕ್ಕಳು ಅಂಗಳದಲ್ಲಿ ಓಡಿದರೆ "ತಲೆ ಮ್ಯಾಲೆ ನಡೀಬ್ಯಾಡ್ರಲಾ" ಎಂದು ಕೂಗುತ್ತಿದ್ದಳು. ನನಗೆ ಹನ್ನೆರಡು ತುಂಬುವ ಹೊತ್ತಿಗೆ ಅವಳ ಎಡಗಿವಿ ಹೋಗಿತ್ತು. ನಾವು ವಯಸ್ಸಾಯಿತು ಅಂದುಕೊಂಡೆವು. ಆಗ ಅವಳಿಗೆ ಮೂವತ್ತೈದು ಕೂಡ ಆಗಿರಲಿಲ್ಲ. ತಲೆನೋವಿಗೂ ಕಿವಿಗೂ ಸಂಬಂಧ ಇರಬಹುದೆಂದು ಮೂರು ತಲೆಮಾರಿನ ವೈದ್ಯರ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವಳಿಗೆ ಕಿವಿಯೆಣ್ಣೆ ಬಿಟ್ಟಿರಲಿಲ್ಲ. ಮನೆಯ ಹೆಂಗಸರ ತಲೆನೋವಿಗೆ ಔಷಧಿ ಕಾಯಿಸುವ ಪದ್ಧತಿಯೇ ಆಗ ಇರಲಿಲ್ಲ.

ನಿನ್ನ ಪ್ರಶ್ನೆ ಓದಿದ ಕ್ಷಣವೇ ಇದೆಲ್ಲ ನೆನಪಿಗೆ ಬಂದಿತ್ತು. ಬರೆಯಲಿಲ್ಲ. ಬರೆದಿದ್ದರೆ ಸತ್ತ ತಾಯಿಯ ಮೇಲೆ ಭಾರ ಹಾಕಿ ನಾನು ಜಾರಿಕೊಂಡ ಹಾಗಾಗುತ್ತಿತ್ತು. ಈಗ ಬರೆಯಬಹುದು. ಆ ಕಿವಿ ಡಾಕ್ಟರು ಮತ್ತೆ ಕೊಳ್ಳೇಗಾಲಕ್ಕೆ ಬಂದಾಗ ಹೇಳು. ಅವರ ಪುಸ್ತಕಕ್ಕೆ ಹೊನ್ನೂರಿನ ಒಬ್ಬ ಹೆಂಗಸಿನ ಸಂಗತಿ ಸೇರಲಿ. ಅವಳ ಹೆಸರು ಚಿಕ್ಕನಿಂಗಮ್ಮ. ಊರಿನವರು ಕಿವುಡಿ ಎನ್ನುತ್ತಿದ್ದರು, ಹೆಸರು ಯಾರೂ ಹೇಳುತ್ತಿರಲಿಲ್ಲ.

ಕಲ್ಬತ್ತು ಇಳಿಸಿದ್ದೇನೆ. ಕ್ಯಾತಯ್ಯನಿಗೆ ಹೇಳಿಕಳಿಸಿದ್ದೇನೆ. ಜ್ವರ, ಚೇಳು, ಮೈನೋವಿಗೆ ಕೊಡುತ್ತೇನೆ. ಕಿವಿಗೆ ಇನ್ನು ಏನೂ ಬಿಡಿಸುವುದಿಲ್ಲ. ಎಣ್ಣೆ ಒಳ್ಳೆಯದೋ ಕೆಟ್ಟದ್ದೋ ನನಗೆ ಈಗ ತಿಳಿಯದು, ತಿಳಿಯದ್ದನ್ನು ತಿಳಿದವನ ಹಾಗೆ ಕೊಡಲಾರೆ. ಅರೆತಲೆನೋವು ಎಂದು ಬಂದವರನ್ನು ಮೊದಲು "ಕಿವಿ ಹೇಗಿದೆ?" ಎಂದು ಕೇಳುತ್ತೇನೆ. ಬೆರಳು ಉಜ್ಜಿ ನೋಡುತ್ತೇನೆ. ಮಂದವಾಗಿದ್ದರೆ ಅದೇ ದಿನ ಬಸ್ಸು ಹತ್ತಿಸುತ್ತೇನೆ.

ಹತ್ತನೆಯ ಸೀಸೆಯ ಅರ್ಧಕ್ಕೆ ಹೊಸ ಎಣ್ಣೆ ಸೇರಿಸಿ ತುಂಬಿದ್ದೇನೆ. ಮಾರಯ್ಯ ತರುತ್ತಾನೆ. ಬಾಯಿಗೆ ಕಟ್ಟಿದ ಚೀಟಿಯಲ್ಲಿ "ಅಂಗಾಲಿಗೆ" ಎಂದು ಬರೆದಿದೆ. ಹಚ್ಚಿಕೊಂಡರೆ ಹಚ್ಚಿಕೊಂಡೆ ಎನ್ನು, ಬಿಟ್ಟರೆ ಬಿಟ್ಟೆ ಎನ್ನು.

ಹನ್ನೊಂದನೆಯದು ತುಂಬಿಯೇ ವಾಪಸು ಬಂದರೂ ಕಳಿಸುತ್ತಿದ್ದೇನೆ, ಇದೊಂದು ಸೀಸೆಗೆ ಮಾತ್ರ ಮನೆಯ ಕಟ್ಟಳೆ ಮುರಿಯುತ್ತೇನೆ. ಖಾಲಿಯಾದ ಮೇಲೆ ಬಸ್ಸಿಗೆ ಹಾಕಬೇಡ. ನೀನೇ ತೆಗೆದುಕೊಂಡು ಬಾ. ಸಂಕ್ರಾಂತಿಗೆ ಬಂದರೆ ಒಗ್ಗರಣೆಯನ್ನು ಹಿತ್ತಲ ಒಲೆಯಲ್ಲಿ ಹಾಕಲು ನಿಮ್ಮವ್ವನಿಗೆ ಹೇಳಿದ್ದೇನೆ. ನಾನು ನಿನ್ನ ಬಲಗಡೆ ಕೂರುತ್ತೇನೆ.

ಅಪ್ಪಾಜಿ